ಬಾಯಿ ತೆರೆದರೆ ಕಾಣುವ ಕ್ಯಾನ್ಸರ್

ಹೊಟ್ಟೆಯೊಳಗಿನ ಗಡ್ಡೆಯನ್ನು ಕಾಣಬೇಕಾದರೆ ಯಂತ್ರ ಬೇಕು, ಶ್ವಾಸಕೋಶದ್ದನ್ನು ಕಾಣಲು ಎಕ್ಸ್‌ರೇ ಬೇಕು. ಬಾಯಿಯ ಕ್ಯಾನ್ಸರಿಗೆ ಅಂಥದ್ದೇನೂ ಬೇಡ. ಬಾಯಿ ತೆರೆದು, ಕೆನ್ನೆ ತುಟಿಗಳನ್ನು ಬೆರಳಿನಿಂದ ಸರಿಸಿ, ಟಾರ್ಚು ಹಾಯಿಸಿ ನೋಡಿದರೆ ಹೆಚ್ಚಿನ ಮಟ್ಟಿಗೆ ಕಾಣುತ್ತದೆ. ಅಷ್ಟೇ ಅಲ್ಲ, ಕ್ಯಾನ್ಸರ್ ಆಗುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಅದು ಬಿಳಿಯ ಇಲ್ಲವೆ ಕೆಂಪು ಕಲೆಯಾಗಿ ಮುನ್ಸೂಚನೆ ಕೊಡುವುದೂ ಉಂಟು. ಹೀಗಿದ್ದರೂ ನಮ್ಮ ದೇಶದಲ್ಲಿ ಈ ರೋಗಿಗಳು ಹೆಚ್ಚಾಗಿ ವೈದ್ಯರ ಬಳಿಗೆ ಬರುವುದು ಹುಣ್ಣು ಬಲಿತು ಕತ್ತಿನ ಗಂಟುಗಳಿಗೂ ಹಬ್ಬಿದ ಮೇಲೆಯೇ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 43 ಸಾವಿರ ಮಂದಿಗೆ ಬಾಯಿಯ ಕ್ಯಾನ್ಸರ್ ಹೊಸದಾಗಿ ತಗಲಿದೆ. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತಿದ್ದಾರೆ. ಭಾರತದ ಗಂಡಸರಿಗೆ ಬರುವ ಕ್ಯಾನ್ಸರುಗಳ ಪೈಕಿ ಮೊದಲ ಸ್ಥಾನ ಇದರದ್ದೇ.

ಕಣ್ಣಿಗೆ ಕಾಣುವಂಥ ರೋಗದಿಂದ ಇಷ್ಟು ಮಂದಿ ಸಾಯುವುದೇಕೆ? ಮೊದಲೇ ನೋಡಿದ್ದರೆ ಸಾವು ತಪ್ಪುತ್ತಿತ್ತೇ? ಸುಲಭವಾದ ಪ್ರಶ್ನೆಯೆಂದು ತೋರಿದರೂ ಇದಕ್ಕೆ ಲೆಕ್ಕಾಚಾರದ ಉತ್ತರ ಬಹುಕಾಲ ಇರಲಿಲ್ಲ. ಆ ಉತ್ತರ ದೊರೆತದ್ದು ಲಂಡನ್ನಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿ, ತಿರುವನಂತಪುರ ಜಿಲ್ಲೆಯ ಹಳ್ಳಿಮನೆಗಳ ಜಗಲಿಯಲ್ಲಿ. ಮನೆಗೆ ಬಂದವರಿಗೆ ಎಲೆ ಹರಿವಾಣವನ್ನು ಮುಂದಿಡುವ, ಅಂಗಳದಲ್ಲಿ ಅಡಿಕೆ ಒಣಗಿಸಿ ಬದುಕುವ ನಮ್ಮ ಕಡೆಯವರು ಇದನ್ನು ತುಸು ವಿವರವಾಗಿ ತಿಳಿದಿರುವುದು ಒಳ್ಳೆಯದು.

ನೆಯ್ಯೂರಿನಿಂದ ಎರ್ನಾಕುಳಂವರೆಗೆ

ಎಲೆಯಡಿಕೆಗೂ ಬಾಯಿಯ ಕ್ಯಾನ್ಸರಿಗೂ ನಂಟಿದೆಯೆಂಬ ಸಂಶಯ ಇಂದು ನಿನ್ನೆಯದಲ್ಲ. ಹಳೆಯ ತಿರುವಾಂಕೂರು ಸಂಸ್ಥಾನದ ದಕ್ಷಿಣದಲ್ಲಿ ನೆಯ್ಯೂರು ಎಂಬ ಊರಿದೆ. ಅಲ್ಲಿ ಲಂಡನ್ ಮಿಷನಿನವರದೊಂದು ಆಸ್ಪತ್ರೆ. 1922ರಲ್ಲೂ 1924ರಲ್ಲೂ ಎವರೆಸ್ಟ್ ಏರಹೊರಟ ತಂಡಗಳಲ್ಲಿದ್ದ ಶಸ್ತ್ರವೈದ್ಯ ಹೊವಾರ್ಡ್ ಸೋಮರ್‌ವೆಲ್ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದದ್ದು ಇದೇ ಆಸ್ಪತ್ರೆಯಲ್ಲಿ. ಅಲ್ಲಿನ ಇನ್ನೊಬ್ಬ ವೈದ್ಯ ಐ. ಎಂ. ಓರ್ 1933ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಿರುವಾಂಕೂರಿನ ಎಲೆಯಡಿಕೆ ಮೆಲ್ಲುವವರ ಬಾಯಿಯ ಕ್ಯಾನ್ಸರಿನ ಬಗ್ಗೆ ಬರೆದರು. ಮೆದ್ದ ಉಂಡೆಯನ್ನು ಕೆನ್ನೆಯ ಯಾವ ಮೂಲೆಯಲ್ಲಿ ಅಡಗಿಸಿಡುತ್ತಾರೋ ಹುಣ್ಣು ಹೆಚ್ಚಾಗಿ ಏಳುವುದೂ ಅಲ್ಲಿಯೇ ಎಂಬುದು ಈ ರೋಗವನ್ನು ಕಂಡ ವೈದ್ಯರಿಗೆಲ್ಲ ತಿಳಿದ ಮಾತು. ರಾತ್ರಿ ಉಂಡೆಯನ್ನು ಬಾಯಿಯಲ್ಲಿಟ್ಟುಕೊಂಡೇ ಮಲಗುವವರಿಗೆ ಅಪಾಯ ಇನ್ನೂ ಹೆಚ್ಚೆಂಬುದೂ ಮುಂದೆ ಖಚಿತವಾಯಿತು. (ನಾವು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ನೆಯ್ಯೂರು ತಿರುವಾಂಕೂರು-ಕೊಚ್ಚಿಯನ್ನು ಬಿಟ್ಟು ಮದರಾಸು ರಾಜ್ಯಕ್ಕೆ ಸೇರಿತು. ಗಡಿಯ ಗೆರೆ ಎಳೆದವರು ಆ ದಿನ ಎರಡೂ ತುದಿಗಳಲ್ಲಿ ಕೈಯಾಡಿಸಿದ್ದರು!)

ಆದರೆ ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದರೆ ರೋಗದ ಬುಡ ತಿಳಿಯುವುದಿಲ್ಲ. ಬುಡ ಹುಡುಕಲು ಊರಿಗೇ ಹೋಗಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದಂತ ಸಂಶೋಧನೆಯ ವಿಭಾಗವೊಂದಿತ್ತು. ಅದರ ಡಾ. ಫಾಲಿ ಮೆಹ್ತಾ ಮತ್ತು ಸಂಗಡಿಗರು 1966-67ರಲ್ಲಿ ದೇಶದ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಹಳ್ಳಿಗರ ಬಾಯಿ ನೋಡಿದರು. ಆ ಐದರಲ್ಲಿ ಎರ್ನಾಕುಳಂ ಒಂದು. ವರ್ಷ ವರ್ಷವೂ ಅವೇ ಮನೆಗಳಿಗೆ ಹೋಗಿ ಮತ್ತೆ ಮತ್ತೆ ನೋಡಿದಾಗ ತಿಳಿದದ್ದೇನೆಂದರೆ, ಕ್ಯಾನ್ಸರ್ ಹೆಚ್ಚಾಗಿ ಬಂದದ್ದು ಮೊದಲೇ ಬಾಯಲ್ಲಿ ಕಲೆಯಿದ್ದವರಿಗೆ. ಕಲೆ ಬಂದದ್ದು ಹೊಗೆಸೊಪ್ಪಿನ ಅಭ್ಯಾಸವಿದ್ದವರಿಗೆ. 1977-78ರಲ್ಲಿ ಎರ್ನಾಕುಳಂ ಸೇರಿದಂತೆ ಮೂರು ಜಿಲ್ಲೆಗಳ 36 ಸಾವಿರ ಹೊಗೆಸೊಪ್ಪು ಸೇವಿಸುವವರನ್ನು ಆರಿಸಿ, ಅಭ್ಯಾಸ ಬಿಡಿಸುವ ಪ್ರಯತ್ನ ನಡೆಯಿತು. ಪ್ರತಿಯೊಬ್ಬರೊಡನೆ ಕುಳಿತು ಮಾತು, ಅದರ ಜೊತೆಗೆ ಚಲನಚಿತ್ರ, ಭಿತ್ತಿಪತ್ರ, ಪತ್ರಿಕೆ, ರೇಡಿಯೋ. 1986ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿಟ್ಟವರಲ್ಲಿ ಹೊಸ ಕಲೆಗಳು ಏಳುವುದು ಕಡಿಮೆಯಾಯಿತು. ಅಜ್ಜನ ಕಾಲದಿಂದ ಬಂದ ಚಟವನ್ನು ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ ಎನ್ನುವವರು ನಮ್ಮಲ್ಲಿ ಬಹಳ. ಪ್ರಯೋಜನವಿದೆಯೆಂದು ನಲವತ್ತು ವರ್ಷಗಳ ಹಿಂದೆಯೇ ತೋರಿಸಿಯಾಗಿದೆ.

ಜಗಲಿಯಲ್ಲಿ ನಡೆದ ಪರೀಕ್ಷೆ

ಚಟ ಬಿಡಿಸುವುದು ಒಂದು ದಾರಿ. ಬಿಡದವರ ಗತಿಯೇನು? ಅವರ ಬಾಯಿಯನ್ನಾದರೂ ಆಗಾಗ ನೋಡಿ ರೋಗವನ್ನು ಮೊಳಕೆಯಲ್ಲೇ ಹಿಡಿಯಬಹುದಲ್ಲ? ತಿರುವನಂತಪುರದಲ್ಲಿ 1981ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಫ್ರಾನ್ಸಿನ ಲಿಯೋನಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯೂ ಸೇರಿ ಇದನ್ನು ಪರೀಕ್ಷಿಸಲು ಮುಂದಾದವು. ಮುಂದಾಳು ಡಾ. ಆರ್. ಶಂಕರನಾರಾಯಣನ್.

ತಿರುವನಂತಪುರ ಜಿಲ್ಲೆಯ 13 ಪಂಚಾಯತಿ ಪ್ರದೇಶಗಳನ್ನು ಆರಿಸಿ, ಚೀಟಿ ಎತ್ತುವ ಕ್ರಮದಲ್ಲಿ ಎರಡು ಪಾಲು ಮಾಡಲಾಯಿತು. ಏಳರಲ್ಲಿ ಮನೆಮನೆಗೆ ಹೋಗಿ ಬಾಯಿ ನೋಡುವುದು; ಉಳಿದ ಆರರಲ್ಲಿ ಎಂದಿನಂತೆ, ರೋಗ ಬಂದವರು ತಾವಾಗಿ ಆಸ್ಪತ್ರೆಗೆ ಹೋಗುವುದು. 35 ವರ್ಷ ದಾಟಿದವರೆಲ್ಲ ಲೆಕ್ಕದೊಳಗೆ. ಮೊದಲ ಪಾಲಿನಲ್ಲಿ 96,517 ಮಂದಿ, ಎರಡನೆಯದರಲ್ಲಿ 95,356. ಒಟ್ಟು 2 ಲಕ್ಷಕ್ಕೆ ತುಸು ಕಡಿಮೆ. 1996ರಲ್ಲಿ ಆರಂಭವಾದ ಕೆಲಸ ಮೂರು ವರ್ಷಕ್ಕೊಂದು ಸುತ್ತಿನಂತೆ ನಡೆಯಿತು.

ಬಾಯಿ ನೋಡಿದವರು ವೈದ್ಯರಲ್ಲ, ದಾದಿಯರೂ ಅಲ್ಲ ಎಂಬುದು ಇದರ ವಿಶೇಷ. ಬೇರೆ ವಿಷಯಗಳಲ್ಲಿ ಪದವಿ ಪಡೆದವರಿಗೆ ತರಬೇತು ಕೊಟ್ಟು ಕಳುಹಿಸಲಾಯಿತು. ಅವರು ಮನೆಯವರನ್ನು ಬೆಳಕಿಗೆ ಕುಳ್ಳಿರಿಸಿ ತುಟಿ, ಕೆನ್ನೆಯ ಒಳಮೈ, ವಸಡು, ನಾಲಿಗೆಯ ಮೇಲೆ ಕೆಳಗೆ ಪಕ್ಕ, ಅಂಗುಳು ಎಲ್ಲವನ್ನೂ ಕ್ರಮವಾಗಿ ನೋಡುವರು. ಸಂಶಯದ ಕಲೆಯೋ ಹುಣ್ಣೋ ಕಂಡರೆ ಚೀಟಿ ಬರೆದುಕೊಟ್ಟು ವೈದ್ಯರ ಬಳಿಗೆ ಕಳುಹಿಸುವರು. ಅಲ್ಲಿ ಬೇಕಾದರೆ ಚೂರು ತೆಗೆದು ಪರೀಕ್ಷೆ. ಹೊಗೆಸೊಪ್ಪು ಬಿಡಿರೆಂಬ ಬುದ್ಧಿಮಾತು ಎಲ್ಲರಿಗೂ.

2005ರಲ್ಲಿ 'ಲ್ಯಾನ್ಸೆಟ್'ನಲ್ಲಿ ಮೂರು ಸುತ್ತುಗಳ ಲೆಕ್ಕ ಹೊರಬಂತು. ಬಾಯಿ ನೋಡಿದ ಊರುಗಳಲ್ಲಿ 205 ಮಂದಿಗೆ ಕ್ಯಾನ್ಸರ್ ಪತ್ತೆಯಾಗಿ 77 ಮಂದಿ ಸತ್ತಿದ್ದರು. ನೋಡದಿದ್ದ ಊರುಗಳಲ್ಲಿ ಪತ್ತೆಯಾದದ್ದು 158, ಸತ್ತವರು 87. ಹುಡುಕಿದಲ್ಲಿ ರೋಗ ಹೆಚ್ಚು ಸಿಕ್ಕಿತು, ಸಾವು ಕಡಿಮೆಯಾಯಿತು. ಆದರೆ ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಜನರನ್ನೂ ಒಟ್ಟಿಗೆ ಹಿಡಿದರೆ ಲಕ್ಷ ಮಂದಿಗೆ ವರ್ಷಕ್ಕೆ 20.7 ಇದ್ದ ಸಾವು 16.4ಕ್ಕೆ ಇಳಿಯಿತು ನಿಜ. ಆದರೆ ಈ ವ್ಯತ್ಯಾಸ ಅದೃಷ್ಟದಿಂದಲೂ ಬಂದಿರಬಹುದೆಂದು ಸಂಖ್ಯಾಶಾಸ್ತ್ರದವರು ತಲೆಯಲ್ಲಾಡಿಸುವಷ್ಟು ಸಣ್ಣದು. ಗಟ್ಟಿಯಾಗಿ ನಿಂತ ಫಲಿತಾಂಶ ಬೇರೆ: ಹೊಗೆಸೊಪ್ಪು, ಬೀಡಿ ಸಿಗರೇಟು, ಮದ್ಯ ಇವುಗಳಲ್ಲಿ ಯಾವುದಾದರೂ ಅಭ್ಯಾಸವಿದ್ದವರನ್ನು ಮಾತ್ರ ತೆಗೆದುಕೊಂಡರೆ ಸಾವು ಲಕ್ಷಕ್ಕೆ 45.4ರಿಂದ 29.9ಕ್ಕೆ, ಎಂದರೆ ನೂರಕ್ಕೆ 34ರಷ್ಟು, ಇಳಿಯಿತು. ಯಾವ ಚಟವೂ ಇಲ್ಲದವರ ಬಾಯಿಯನ್ನು ಊರೂರು ತಿರುಗಿ ನೋಡಿ ಹೆಚ್ಚಿನ ಲಾಭವಿಲ್ಲ, ಚಟವಿದ್ದವರದ್ದನ್ನು ನೋಡಲೇಬೇಕು. ಜಗತ್ತಿನ ಚಟವಿರುವವರನ್ನೆಲ್ಲ ಹೀಗೆ ನೋಡಿದರೆ ವರ್ಷಕ್ಕೆ ಕಡಿಮೆಯೆಂದರೂ 37 ಸಾವಿರ ಸಾವುಗಳನ್ನು ತಪ್ಪಿಸಬಹುದೆಂದು ಆ ತಂಡ ಲೆಕ್ಕ ಹಾಕಿತು.

ನೋಡದೆ ಬಿಟ್ಟ ಊರುಗಳವರ ಮೇಲೆ ಇದು ಅನ್ಯಾಯವಲ್ಲವೇ ಎಂದು ವಾಚಕರು ಕೇಳಬಹುದು. ಲಾಭವಿದೆಯೋ ಇಲ್ಲವೋ ತಿಳಿಯದಿದ್ದ ಕಾಲದಲ್ಲಿ ಹೋಲಿಕೆಗೆ ಬೇರೆ ದಾರಿಯಿರಲಿಲ್ಲ. ತಿಳಿದ ಮೇಲೆ, 2006ರಿಂದ 2009ರೊಳಗೆ, ಆ ಊರುಗಳಲ್ಲೂ ಒಂದು ಸುತ್ತು ಪರೀಕ್ಷೆ ನಡೆಯಿತು. ಮೊದಲ ಪಾಲಿನವರಿಗೆ ಅಷ್ಟರಲ್ಲಿ ನಾಲ್ಕು ಸುತ್ತು ಆಗಿತ್ತು. 15 ವರ್ಷಗಳ ಲೆಕ್ಕ 2013ರಲ್ಲಿ ಬಂದಾಗ ಚಟವಿದ್ದವರಲ್ಲಿ ಸಾವು ನೂರಕ್ಕೆ 24ರಷ್ಟು ಕಡಿಮೆಯಾಗಿತ್ತು. ನಾಲ್ಕೂ ಸುತ್ತುಗಳಿಗೆ ತಪ್ಪದೆ ಬಾಯಿ ತೋರಿಸಿದ ಚಟವಂತರಲ್ಲಿ 81ರಷ್ಟು. ತಪ್ಪದೆ ತೋರಿಸುವವರು ಬೇರೆ ವಿಷಯಗಳಲ್ಲೂ ಜಾಗರೂಕರಿರುತ್ತಾರೆ, ಆದ್ದರಿಂದ 81ನ್ನು ಪೂರ್ತಿ ಟಾರ್ಚಿನ ಖಾತೆಗೆ ಬರೆಯಲಾಗದು. ಅದನ್ನು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ.

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಕೆ ಇನ್ನೊಂದು. ಮೊದಲ ಮೂರು ಸುತ್ತುಗಳಲ್ಲಿ 5,145 ಮಂದಿಗೆ ಸಂಶಯದ ಚೀಟಿ ಕೊಡಲಾಗಿತ್ತು. ಅವರಲ್ಲಿ ವೈದ್ಯರ ಬಳಿಗೆ ಹೋದವರು 3,218. ಉಳಿದ 1,927 ಮಂದಿ ಹೋಗಲಿಲ್ಲ. ಮನೆಯ ಬಾಗಿಲಿಗೇ ಬಂದು, ನೋಡಿ, ಬರೆದುಕೊಟ್ಟರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಚೀಟಿಯನ್ನು ಹಾಗೆಯೇ ಇಟ್ಟುಕೊಂಡರು. ಕಾರಣ ಊಹಿಸುವುದು ಕಷ್ಟವಲ್ಲ. ಬಿಳಿ ಕಲೆ ನೋಯುವುದಿಲ್ಲ. ಉಣ್ಣುವುದಕ್ಕೆ ತೊಂದರೆಯಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ನೋವಿಲ್ಲದ್ದಕ್ಕೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಯಾರು? ಅದರ ಮೇಲೆ, ಹೋದರೆ ಕ್ಯಾನ್ಸರ್ ಎಂದುಬಿಟ್ಟಾರೆಂಬ ಹೆದರಿಕೆ. ಮನೆಯ ಹೆಂಗಸರಾದರೆ, ಮೊದಲು ಮಗನ ಪರೀಕ್ಷೆ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಎಂದು ಮುಂದೂಡುತ್ತಾರೆ.

ಅಡಿಕೆಯ ಪ್ರಶ್ನೆ

ಇಷ್ಟರವರೆಗೆ ಹೊಗೆಸೊಪ್ಪಿನ ಮಾತಾಯಿತು. ಅಡಿಕೆ? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಎತ್ತಿದರೆ ಸಭೆಯಲ್ಲಿ ಮೌನ ಕವಿಯುತ್ತದೆ, ಇಲ್ಲವೆ ಜಗಳವಾಗುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಿ ಎಷ್ಟೋ ಮನೆಗಳ ಮಕ್ಕಳು ಓದಿದ್ದು, ಹೆಣ್ಣುಮಕ್ಕಳ ಮದುವೆಯಾದದ್ದು ಚಾಲಿ ಅಡಿಕೆಯ ದುಡ್ಡಿನಿಂದ. ಆದರೂ ಕೇಳದಿರಲಾಗದು.

1985ರಲ್ಲಿ ಲಿಯೋನಿನ ಸಂಸ್ಥೆಯ ತಜ್ಞರು ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಕ್ಯಾನ್ಸರಿಗೆ ಕಾರಣವೆಂದು ತೀರ್ಮಾನಿಸಿದರು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ಆಗ ಬಿಟ್ಟರು. ನಮ್ಮವರಿಗೆ ಸಮಾಧಾನವಾಯಿತು. ಆ ಸಮಾಧಾನ ಉಳಿದದ್ದು 2003ರವರೆಗೆ. ಆ ವರ್ಷ ಸೇರಿದ ತಜ್ಞರ ಸಭೆ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ, ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಹೇಳಿತು. ನಡುವೆ ಸಾಕ್ಷ್ಯ ಬಂದದ್ದು ತೈವಾನಿನಿಂದ. ಅಲ್ಲಿನವರು ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವುದಿಲ್ಲ. ಆದರೂ ಬಾಯಿಯ ಕ್ಯಾನ್ಸರ್ ಅಲ್ಲಿ ವಿಪರೀತ. ಇನ್ನೊಂದು ಸಾಕ್ಷಿ, ಬಾಯಿ ಬಿಗಿಯುವ ರೋಗ. ಕೆನ್ನೆಯ ಒಳಮೈಯ ಚರ್ಮ ಬಿಳಿಚಿ, ನಾರುಗಟ್ಟಿ, ಬಾಯಿ ವರ್ಷ ವರ್ಷಕ್ಕೆ ಕಡಿಮೆ ಕಡಿಮೆ ತೆರೆಯುವಂತಾಗುತ್ತದೆ. ಖಾರ ತಗಲಿದರೆ ಉರಿ. 1952ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಹೆಂಗಸರಲ್ಲಿ. ಇದಕ್ಕೆ ಮುಖ್ಯ ಕಾರಣ ಅಡಿಕೆಯೇ. ಈ ರೋಗವಿದ್ದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ. ಗುಟ್ಕಾ ಪೊಟ್ಟಣಗಳು ಬಂದ ಮೇಲೆ ಇದು ಹದಿಹರೆಯದ ಹುಡುಗರಲ್ಲೂ ಕಾಣತೊಡಗಿತು. ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು.

2024ರಲ್ಲಿ ಅದೇ ಸಂಸ್ಥೆ ಇನ್ನೊಂದು ಅಂದಾಜು ಮಾಡಿತು: 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ 3,89,800 ಬಾಯಿಯ ಕ್ಯಾನ್ಸರುಗಳಲ್ಲಿ 1,20,200 ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಬಂದವು, ಅವುಗಳಲ್ಲಿ 83,400 ಭಾರತದಲ್ಲಿ. ಬೆಳೆಗಾರರ ಸಂಘಟನೆಗಳು ಈ ತೀರ್ಮಾನಗಳನ್ನು ಒಪ್ಪುವುದಿಲ್ಲ. ಸಾವಿರಾರು ವರ್ಷಗಳಿಂದ ತಾಂಬೂಲ ಮೆಲ್ಲುತ್ತ ಬಂದವರಿಗೆ ಏನೂ ಆಗಲಿಲ್ಲವೆಂಬುದು ಅವರ ವಾದ. ಹೊಗೆಸೊಪ್ಪು ಪೋರ್ಚುಗೀಸರ ಕಾಲದಲ್ಲಿ ಬಂದ ಪರದೇಶಿ, ತಪ್ಪೆಲ್ಲ ಅದರದ್ದೇ ಎಂಬುದು ಇನ್ನೊಂದು. ಹೊಗೆಸೊಪ್ಪಿನ ತಪ್ಪು ದೊಡ್ಡದೆಂಬುದು ನಿಜ. ಊಟದ ನಂತರ ಒಂದು ಹೋಳು ಅಡಿಕೆ ಜಗಿಯುವವರಿಗೂ ಎದ್ದಾಗಿನಿಂದ ಮಲಗುವವರೆಗೆ ಮೆಲ್ಲುವವರಿಗೂ ಅಪಾಯ ಒಂದೇ ಅಲ್ಲವೆಂಬುದೂ ನಿಜ. ಪ್ರಮಾಣವೂ ಅವಧಿಯೂ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ. ಆದರೆ ಸಾವಿರಾರು ವರ್ಷಗಳಲ್ಲಿ ಯಾರಿಗೂ ಏನೂ ಆಗಲಿಲ್ಲವೆಂದು ಹೇಳಲು ಅಂದು ಎಣಿಸಿದವರಾರು? ಐವತ್ತರೊಳಗೆ ಸಾಯುವವರೇ ಹೆಚ್ಚಿದ್ದ ಕಾಲದಲ್ಲಿ ಅರುವತ್ತಕ್ಕೆ ಬರುವ ರೋಗವನ್ನು ಹುಡುಕುವುದೆಲ್ಲಿ? ಅಡಿಕೆಯ ಧಾರಣೆ ಒಂದು ಲೆಕ್ಕ, ಬಾಯಿಯ ಆರೋಗ್ಯ ಇನ್ನೊಂದು ಲೆಕ್ಕ. ಮೊದಲನೆಯದನ್ನು ಉಳಿಸಿಕೊಳ್ಳುವುದಕ್ಕಾಗಿ ಎರಡನೆಯದನ್ನು ಸುಳ್ಳೆನ್ನುವುದು ಬುದ್ಧಿವಂತಿಕೆಯಲ್ಲವೆಂದು ನನ್ನ ಅಭಿಪ್ರಾಯ. ತೋಟವಿರುವ ಮನೆಯವರಿಗೇ ಬಾಯಿ ತೋರಿಸುವ ಅಗತ್ಯ ಹೆಚ್ಚು.

ತೈವಾನಿನವರು ಮಾಡಿದ್ದೂ ಅದನ್ನೇ. ಸಿಗರೇಟು ಸೇದುವ, ಅಡಿಕೆ ಮೆಲ್ಲುವ 23 ಲಕ್ಷ ಮಂದಿಯ ಬಾಯಿಯನ್ನು ಸರಕಾರದ ಖರ್ಚಿನಲ್ಲಿ ನೋಡಿದರು. 2017ರಲ್ಲಿ ಪ್ರಕಟವಾದ ವರದಿಯಂತೆ ಸಾವು ನೂರಕ್ಕೆ 26ರಷ್ಟು ಇಳಿಯಿತು.

ಬೇಗ ಹೋದರೆ ಏನು ಲಾಭ

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಕಲೆ, ಅದಕ್ಕಿಂತಲೂ ಸಂಶಯಕ್ಕೆಡೆಯಾದ ಮಕಮಲ್ಲಿನಂಥ ಕೆಂಪು ಕಲೆ, ಕೆನ್ನೆಯೊಳಗೆ ಗಟ್ಟಿಯಾದ ಜಾಗ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮೊದಲಿನಷ್ಟು ತೆರೆಯಲಾಗದ ಬಾಯಿ, ಕತ್ತಿನಲ್ಲಿ ಗಂಟು: ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಬೇಕು. ಕಲೆಗಳೆಲ್ಲ ಕ್ಯಾನ್ಸರಲ್ಲ, ಹೆಚ್ಚಿನವು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಚಟ ಬಿಟ್ಟರೆ ಕೆಲವು ತಾವಾಗಿ ಮಾಯವಾಗುತ್ತವೆ. ಯಾವುದು ಯಾವುದೆಂದು ಹೇಳಲು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಚೂರು ತೆಗೆದರೆ ರೋಗ ಕೆರಳುತ್ತದೆಂಬುದು ಹಳ್ಳಿಗಳಲ್ಲಿ ಇನ್ನೂ ಕೇಳಿಬರುವ ಮಾತು; ಅದಕ್ಕೆ ಆಧಾರವಿಲ್ಲ.

ಸಣ್ಣದಿದ್ದಾಗ ಹೋದರೆ ಹೆಚ್ಚಾಗಿ ಶಸ್ತ್ರಕ್ರಿಯೆಯೊಂದರಲ್ಲೇ ಮುಗಿಯುತ್ತದೆ. ಬಲಿತ ಮೇಲಾದರೆ ದವಡೆಯ ಎಲುಬು ತೆಗೆಯಬೇಕು, ಬೇರೆ ಕಡೆಯ ಮಾಂಸ ತಂದು ಜೋಡಿಸಬೇಕು, ಆಮೇಲೆ ವಿಕಿರಣ, ಔಷಧಿ. ಸಣ್ಣದಿದ್ದಾಗಲೂ ಕತ್ತಿನ ಗಂಟುಗಳನ್ನು ಏನು ಮಾಡಬೇಕೆಂಬ ಬಗ್ಗೆ ಶಸ್ತ್ರವೈದ್ಯರಲ್ಲಿ ಬಹುಕಾಲ ಒಮ್ಮತವಿರಲಿಲ್ಲ. ಮೇಲಿನಿಂದ ಗಂಟು ಕಾಣದಿದ್ದರೆ ಕಾದು ನೋಡಿ, ಬಂದ ಮೇಲೆ ತೆಗೆಯೋಣವೆಂದು ಕೆಲವರು; ಕಾಣದಿದ್ದರೂ ಮೊದಲ ಶಸ್ತ್ರಕ್ರಿಯೆಯಲ್ಲೇ ತೆಗೆಯಬೇಕೆಂದು ಕೆಲವರು. ಇದನ್ನು ಬಗೆಹರಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು. 2015ರಲ್ಲಿ ಅವರು ಪ್ರಕಟಿಸಿದ 500 ರೋಗಿಗಳ ಲೆಕ್ಕದಂತೆ, ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67.5. ಜಗತ್ತಿನ ಶಸ್ತ್ರವೈದ್ಯರು ಇಂದು ಅನುಸರಿಸುವುದು ಹೆಚ್ಚಾಗಿ ಈ ದಾರಿಯನ್ನು. ಪಾಶ್ಚಾತ್ಯರಿಗೆ ಅಷ್ಟಾಗಿ ಬಾರದ ರೋಗವೊಂದಕ್ಕೆ ನಮ್ಮವರೇ ಮದ್ದು ಹುಡುಕಬೇಕಾಯಿತು, ಹುಡುಕಿದರು.

ನಮ್ಮ ಗಡಿನಾಡಿನಲ್ಲಿ

ಕೇಂದ್ರ ಸರಕಾರ 2016ರಲ್ಲಿ ಮಾಡಿದ ಕ್ರಮದಂತೆ 30ರಿಂದ 65 ವರ್ಷದವರೆಲ್ಲರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಬೇಕು. ಆದದ್ದೆಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಬಾಯಿಯ ಕ್ಯಾನ್ಸರಿನ ಪರೀಕ್ಷೆ ಮಾಡಿಸಿಕೊಂಡಿದ್ದೇವೆಂದವರು ದೇಶದಲ್ಲಿ ನೂರಕ್ಕೆ ಸುಮಾರು ಒಬ್ಬರು.

ಚಿಕಿತ್ಸೆಗೆ ನಮ್ಮವರು ತೆಂಕಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಬಡಗಕ್ಕೆ ಮಂಗಳೂರಿಗೋ ಹೋಗಬೇಕು. ಮಂಗಳೂರನ್ನು ನಂಬಿದವರ ಪಾಡು 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ದಾರಿಗೆ ಮಣ್ಣು ಬಿದ್ದಾಗ ಏನಾಯಿತೆಂಬುದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ದೂರದ ಚಿಕಿತ್ಸೆ ಬೇಡದಂತೆ ಹತ್ತಿರದಲ್ಲೇ ರೋಗ ಹಿಡಿಯುವುದು ನಮಗೆ ಉಳಿದವರಿಗಿಂತ ಹೆಚ್ಚು ಅಗತ್ಯ.

ಇನ್ನೊಂದು ತೊಡಕು ಭಾಷೆಯದ್ದು. ಆಸ್ಪತ್ರೆಯ ಗೋಡೆಯ ಮೇಲಿನ 'ಅರ್ಬುದಂ' ನಮಗೆ ಅರ್ಥವಾಗುತ್ತದೆ, ನಮ್ಮದೇ ಅರ್ಬುದ ಅದು. ಆದರೆ ಎಲೆಯಡಿಕೆ ಹಾಕುವುದಕ್ಕೆ ಮಲಯಾಳದಲ್ಲಿ 'ಮುರುಕ್ಕು' ಎನ್ನುತ್ತಾರೆ. ಮುರುಕ್ಕು ಉಂಟೋ ಎಂದು ಕೇಳಿದಾಗ ಒಳಮನೆಯ ಅಜ್ಜಿಯೊಬ್ಬರು ಚಕ್ಕುಲಿಯ ಡಬ್ಬ ಹುಡುಕಿದರೆ ಅಚ್ಚರಿಯಿಲ್ಲ. ನಗುವ ಮಾತಾದರೂ ಪ್ರಶ್ನಾವಳಿಯಲ್ಲಿ 'ಇಲ್ಲ' ಎಂದು ಬಿದ್ದರೆ ಅಜ್ಜಿಯ ಬಾಯಿಯನ್ನು ಯಾರೂ ನೋಡುವುದಿಲ್ಲ. ತಿರುವನಂತಪುರದಲ್ಲಿ ಮನೆಗೆ ಬಂದವರು ಮನೆಯವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಆದರೂ 1,927 ಮಂದಿ ಚೀಟಿ ಹಿಡಿದು ಕುಳಿತರು. ಅರ್ಧ ಅರ್ಥವಾಗುವ ಭಾಷೆಯಲ್ಲಿ ಕೊಟ್ಟ ಚೀಟಿಯ ಗತಿ ಹೇಗಿದ್ದೀತು? ಆಶಾ ಕಾರ್ಯಕರ್ತೆ ಪ್ರಶ್ನೆಗಳೊಂದಿಗೆ ಮನೆಗೆ ಬಂದಾಗ ಮಲಯಾಳ ಬಲ್ಲ ಮಗನೋ ಸೊಸೆಯೋ ಪಕ್ಕದಲ್ಲಿದ್ದು, ಎಲೆ, ಅಡಿಕೆ, ಹೊಗೆಸೊಪ್ಪು, ಬೀಡಿ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿ ಬರೆಸಬೇಕು. ಬರೆಸಿದ ಮೇಲೆ ಕುಟುಂಬಾರೋಗ್ಯ ಕೇಂದ್ರದಲ್ಲೋ ಹಲ್ಲಿನ ವೈದ್ಯರಲ್ಲೋ ತೋರಿಸಿಕೊಂಡು ಬರಬೇಕು. ಹೋಗುವ ಮೊದಲು ಬಾಯಲ್ಲಿದ್ದುದನ್ನು ಉಗಿದು ಚೆನ್ನಾಗಿ ಮುಕ್ಕಳಿಸಿ, ಹಲ್ಲಿನ ಸೆಟ್ಟು ಇದ್ದವರು ಅದನ್ನು ತೆಗೆದಿಟ್ಟು ಕುಳಿತರೆ, ನೋಡಿ ಮುಗಿಸಲು ಎರಡು ಮೂರು ನಿಮಿಷ ಸಾಕು.